ಏಳದ ಗೆರೆ, ಅವ್ವನ ಕಂದೀಲು

ನಮ್ಮ ಮನೆಯಲ್ಲಿ ಸಂಜೆ ಉಳಿದವರ ಮನೆಗಿಂತ ಮೊದಲೇ ಆಗುತ್ತಿತ್ತು. ಹಾನಗಲ್ಲಿನ ನಮ್ಮ ಓಣಿಗೆ ದನ ಇನ್ನೂ ತಿರುಗಿ ಬಂದಿರುತ್ತಿರಲಿಲ್ಲ, ಅಷ್ಟರಲ್ಲೇ ಅವ್ವ ಕಂದೀಲಿನ ಗಾಜನ್ನು ಬೂದಿ ಹಚ್ಚಿ ತಿಕ್ಕಿ, ಬತ್ತಿಯ ಕರಿ ಕತ್ತರಿಸಿ, ಹಚ್ಚಿ ಕಂಬಕ್ಕೆ ತೂಗುಹಾಕಿಬಿಡುತ್ತಿದ್ದಳು. ಮಾಳಿಗೆಯ ಮೇಲೆ ಬಿಸಿಲಿರುವಾಗಲೇ ಊಟ ಮುಗಿದು, ಮುಸುರೆ ತಿಕ್ಕಿ, ಎಲ್ಲರೂ ಪಡಸಾಲೆಯಲ್ಲಿ ಕುಳಿತಿರುತ್ತಿದ್ದೆವು. ಓಣಿಗೆ ಹೊಸದಾಗಿ ಬಂದವರು ನಮ್ಮನ್ನು ಜೈನರೆಂದು ತಿಳಿಯುತ್ತಿದ್ದರು. ಕೊರಳಲ್ಲಿ ಲಿಂಗ ಕಂಡ ಮೇಲೆ, ಇವರು ಬಹಳ ಕಟ್ಟುನಿಟ್ಟಿನ ಜನ ಎಂದು ಬೇರೊಂದು ಮರ್ಯಾದೆ ಕೊಡುತ್ತಿದ್ದರು. ಪುಕ್ಕಟೆ ಸಿಕ್ಕ ಮರ್ಯಾದೆಯನ್ನು ನಾವೂ ಬೇಡ ಎನ್ನುತ್ತಿರಲಿಲ್ಲ.

ಕಾರಣ ಧರ್ಮವಲ್ಲ, ಅಪ್ಪನ ಕಣ್ಣು. ಅವನಿಗೆ ಇರುಳುಗಣ್ಣು. ಹಗಲು ಹೊಲದಲ್ಲಿ ಎಲ್ಲರಂತೆ ದುಡಿಯುವವನು ಹೊತ್ತು ಮುಳುಗಿದರೆ ಗೋಡೆ ಹಿಡಿಯುತ್ತಿದ್ದ. ಅವನ ಅಣ್ಣನಿಗೂ ಹಾಗೇ, ಅಜ್ಜನಿಗೂ ಹಾಗೇ ಇತ್ತಂತೆ. ವಯಸ್ಸಾದಂತೆ ಹಗಲೂ ಕಿರಿದಾಗುತ್ತ ಹೋಗುತ್ತದೆ. "ಊದುಗೊಳವ್ಯಾಗಿಂದ ನೋಡಿದಂಗ ಐತಿ" ಎನ್ನುತ್ತಿದ್ದ ಅಪ್ಪ. ಒಲೆ ಊದುವ ಆ ಕೊಳವೆಯ ತೂತಿನಲ್ಲೇ ಅವನಿಗೆ ನಾವೂ, ಹೊಲವೂ, ದೇವರೂ ಕಾಣಬೇಕಿತ್ತು. ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಯ ತನಕ ಎದೆಮಟ್ಟಕ್ಕೆ ಒಂದು ಹಗ್ಗ ಕಟ್ಟಿತ್ತು. ಮೆಟ್ಟಿಲುಗಳ ಅಂಚಿಗೆ ಸುಣ್ಣದ ಪಟ್ಟಿ ಎಳೆದಿತ್ತು. ನಮ್ಮಲ್ಲಿ ಮದುವೆಗಳೆಲ್ಲ ಬೆಳಗಿನ ಮುಹೂರ್ತಕ್ಕೇ ಆಗುತ್ತಿದ್ದವು. ಗೋಧೂಳಿ ಲಗ್ನ ಎಂದ ಬೀಗರ ಜೊತೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಈ ವ್ಯವಸ್ಥೆಗೆಲ್ಲ ನಡುಗಂಬ ಅವ್ವ. ಕತ್ತಲಿನಲ್ಲಿ ಇರುವ ಗಂಡಸಿನ ಕೈಗೆ, ಅವನು ಕೇಳುವ ಮೊದಲೇ, ಕಂದೀಲು ಮುಟ್ಟಬೇಕು. ಅವನು ಬಾಯಿಬಿಟ್ಟು ಕೇಳುವಂತಾದರೆ ಅವನಿಗೆ ಅವಮಾನ ಮಾಡಿದಂತೆ. ಅಪ್ಪ ಹಿತ್ತಲಿನಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಅವ್ವ ಓ ಎನ್ನುತ್ತಿರಲಿಲ್ಲ, ಕಂದೀಲು ಹಿಡಿದು ಹೊರಟುಬಿಡುತ್ತಿದ್ದಳು. ಹಿಟ್ಟು ನಾದುತ್ತಿದ್ದರೆ ಹಿಟ್ಟಿನ ಕೈಯಲ್ಲೇ. ಮದುವೆಯಾಗಿ ಬಂದಾಗಿನಿಂದ ಹಾಗೆ. ನನಗೆ ಜ್ವರ ಬಂದು ಮಧ್ಯಾಹ್ನ ಕೆಮ್ಮಿದಾಗಲೂ ಒಮ್ಮೆ ಕಂದೀಲು ತಂದು, ಬಿಸಿಲು ನೋಡಿ ನಾಚಿಕೊಂಡು ಹಿಂದೆ ಹೋಗಿದ್ದಳು.

ಇಂಥ ಮನೆಯಲ್ಲಿ ಹುಟ್ಟಿದ ಗಂಡುಮಗ ನಾನೊಬ್ಬನೇ. ಅಪ್ಪನಿಗೆ ಇಪ್ಪತ್ತರ ಸುಮಾರಿಗೆ ಶುರುವಾಗಿತ್ತು ಎಂದು ಕೇಳಿದ್ದೆ; ನಾನು ಯಾವುದಕ್ಕೂ ಇರಲಿ ಎಂದು ಹದಿನಾಲ್ಕರಿಂದಲೇ ಚಿಂತೆ ಮಾಡಲು ಹಿಡಿದೆ. ಮುಂದೆ ಶಿಗ್ಗಾವಿಯ ಸೊಸೈಟಿಯಲ್ಲಿ ಬೀಜ-ಗೊಬ್ಬರ ತೂಗಿ ಕೊಡುವ ಕಾರಕೂನನಾದೆ. ಪ್ರತಿ ಸಂಜೆ ಗೋದಾಮಿನ ಹಿಂದೆ ನಿಂತು ಮೊದಲ ಚುಕ್ಕಿ ಯಾವಾಗ ಕಾಣುತ್ತದೆ ಎಂದು ನೋಡುವುದು ನನ್ನ ಖಾಸಗಿ ಪರೀಕ್ಷೆ. ಕಂಡ ದಿನ, ನಾಳೆ ಕಾಣುತ್ತದೋ ಇಲ್ಲವೋ ಎಂಬ ಚಿಂತೆ. ಮೋಡದ ದಿನವಂತೂ ಊಟ ಸೇರುತ್ತಿರಲಿಲ್ಲ. ಜೊತೆಯ ಕಾರಕೂನರು "ಏನ್ರಿ, ಚುಕ್ಕಿ ಹಾಜರಿ ಹಾಕಿದ್ರೇನು?" ಎಂದು ಕೇಳಿ ನಗುತ್ತಿದ್ದರು. ಒಂದು ಬ್ಯಾಟರಿ ಸದಾ ಜೇಬಿನಲ್ಲಿ, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು ಚೀಲದಲ್ಲಿ.

ನಮ್ಮ ಮನೆಯ ಕಣ್ಣು ದವಾಖಾನೆಯ ಕಾಗದಕ್ಕೆ ಏರಿದ್ದು ಐವತ್ತರ ದಶಕದ ಕೊನೆಯಲ್ಲಿ. ಕುಳಿತಲ್ಲೇ ಕುಳಿತು ನಾವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಹೋದ ಹೊಸತು. ಅದಕ್ಕೂ ಮೊದಲು ಊರ ಕಂಪೌಂಡರು ಅಪ್ಪನಿಗೆ ಮೀನೆಣ್ಣೆ ಕೊಟ್ಟಿದ್ದರು. ಮೀನಿನ ಹೆಸರು ಎತ್ತದ ಮನೆಯಲ್ಲಿ ಅಪ್ಪ ಅದನ್ನು ಹಿತ್ತಲಿನಲ್ಲಿ, ಲಿಂಗವನ್ನು ಅಂಗಿಯೊಳಗೆ ಮರೆಮಾಡಿಕೊಂಡು ಕುಡಿಯುತ್ತಿದ್ದ. ಜಾತಿ ಕೆಟ್ಟಿತೇ ಹೊರತು ಕಣ್ಣು ಸುಧಾರಿಸಲಿಲ್ಲ. ಆಮೇಲೆ ದೊಡ್ಡ ಊರಿನಿಂದ ಒಬ್ಬ ಕಣ್ಣಿನ ಡಾಕ್ಟರು ಬಂದರು. ಅವರ ಕೈಯಲ್ಲಿ ಒಂದು ಸಣ್ಣ ದೀಪದ ಉಪಕರಣ. ಅದನ್ನು ಅಪ್ಪನ ಕಣ್ಣಿಗೆ ಹಿಡಿದು, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಂದು ನೋಡಿದರು. ಹಿಂದುಗಡೆಯ ಪರದೆಯ ತುಂಬ ಕರಿ ಚುಕ್ಕೆ ಬಿದ್ದಿವೆ, ಇದು ಮೀನೆಣ್ಣೆಗೆ ಹೋಗುವ ಇರುಳುಗಣ್ಣಲ್ಲ, ರಕ್ತದಲ್ಲಿ ಬಂದದ್ದು, ಔಷಧ ಇಲ್ಲ ಎಂದರು. ಅಪ್ಪ ಸಮಾಧಾನದ ಉಸಿರು ಬಿಟ್ಟ. ಇನ್ನು ಎಣ್ಣೆ ಕುಡಿಯಬೇಕಿಲ್ಲವಲ್ಲ.

ಡಾಕ್ಟರು ನಮ್ಮ ವಂಶದ ಚಿತ್ರ ಬರೆಯಲು ಕುಳಿತರು. ಗಂಡಸಿಗೊಂದು ಚೌಕ, ಹೆಂಗಸಿಗೊಂದು ಸುತ್ತು. ರೋಗ ಇದ್ದರೆ ಒಳಗೆ ಕಪ್ಪು ತುಂಬುವುದು. ಮೇಲಿನ ಸಾಲು ಸರಿಹೋಯಿತು. ಎರಡನೆಯ ಸಾಲಿಗೆ ಬಂದಾಗ ಅವರ ಪೆನ್ಸಿಲು ನಿಂತಿತು. ಅಪ್ಪನಿಗೆ ಅವ್ವ ಸ್ವಂತ ಅಕ್ಕನ ಮಗಳು. ನನ್ನ ಅಕ್ಕನನ್ನು ಕೊಟ್ಟದ್ದು ಅವ್ವನ ತಮ್ಮನಿಗೇ, ಹಿರೇಕೆರೂರಿಗೆ. ಕೆಳಗಿನ ಸಾಲಿನಿಂದ ಗೆರೆ ಮೇಲಕ್ಕೆ ಹೋಗಬೇಕು, ಮೇಲಿನದು ಅಡ್ಡ ಬಂದು ಮತ್ತೆ ಇಳಿಯಬೇಕು. ಅಳಿಸಿ ಅಳಿಸಿ ಕಾಗದ ತೂತಾಗುವ ಹೊತ್ತಿಗೆ ಡಾಕ್ಟರು ತಲೆ ಎತ್ತಿ, ಇವರು ನಿಮಗೆ ಹೆಂಡತಿಯೋ ಸೊಸೆಯೋ ಎಂದು ಕೇಳಿದರು. "ಎರಡೂ ಹೌದ್ರಿ" ಎಂದ ಅಪ್ಪ.

ಬರೀ ಗಂಡಸರಿಗಷ್ಟೇ ಬರುತ್ತದೆಯೇ, ಹೆಂಗಸರಿಗೆ ಇಲ್ಲವೇ ಎಂದೂ ಅವರು ಕೇಳಿದರು. ಅಪ್ಪ ಸ್ವಲ್ಪ ಯೋಚಿಸಿ ಹೇಳಿದ:

"ಹೆಂಗಸರು ಕತ್ತಲಾದಮ್ಯಾಲ ಎಲ್ಲಿ ಹೊಕ್ಕಾರ್ರಿ?"

ಡಾಕ್ಟರು ಅದನ್ನು ಇಲ್ಲ ಎಂದೇ ಅರ್ಥ ಮಾಡಿಕೊಂಡರು. ಸುತ್ತುಗಳೆಲ್ಲ ಖಾಲಿ ಉಳಿದವು. ಅವರದೂ ತಪ್ಪಲ್ಲ. ಆ ಸಣ್ಣ ದೀಪವನ್ನು ಹೆಂಗಸರ ಕಣ್ಣಿಗೆ ಹಿಡಿಯಬೇಕೆಂದರೆ ಅವ್ವ ಬಾಗಿಲ ಹಿಂದಿನಿಂದ ಈಚೆ ಬರಬೇಕಿತ್ತು. ಪರಗಂಡಸು ಕೆನ್ನೆಗೆ ಕೆನ್ನೆ ತರುವ ಆ ಪರೀಕ್ಷೆಗೆ ಅವಳು ಬರುವ ಮಾತೇ ಇರಲಿಲ್ಲ. ನನ್ನ ಕಣ್ಣನ್ನೂ ನೋಡಿದರು. ಸದ್ಯ ಏನೂ ಕಾಣುತ್ತಿಲ್ಲ, ಮುಂದಿನದು ಹೇಳಲಾಗುವುದಿಲ್ಲ ಎಂದು ನನ್ನ ಚೌಕದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅವರು ಕಾಗದ ಮಡಚಿಕೊಂಡು ಹೋದರು. ಚಿಹ್ನೆಯನ್ನು ಮಾತ್ರ ನನ್ನ ಬಳಿಯೇ ಬಿಟ್ಟುಹೋದರು.

ಅಕ್ಕನಿಗೆ ಮಗಳು ಹುಟ್ಟಿದಾಗ ನಾನಿನ್ನೂ ಗೋಲಿ ಆಡುವ ವಯಸ್ಸಿನವನು. ತೊಟ್ಟಿಲಿಗೆ ಹಾಕುವ ದಿನವೇ ಅವ್ವ, "ನನ್ನ ಸೊಸಿ ಬಂದ್ಲು" ಎಂದಳಂತೆ. ಸೋದರಮಾವನಿಗೆ ಹೆಣ್ಣು ಹುಟ್ಟುವುದು ಹೀಗೆ. ಇಬ್ಬರನ್ನೂ ಕೇಳುವ ಪದ್ಧತಿಯಿಲ್ಲ. ಹೇಗಿದ್ದರೂ ಬರುವ ಮನೆಯೇ ಎಂದು ಹುಡುಗಿಯನ್ನು ಸಣ್ಣಂದಿನಲ್ಲೇ ಹಾನಗಲ್ಲಿಗೆ ಕರೆತಂದು ಅವ್ವ ಸಾಕಿದಳು. ಬಾಯಿ ಜೋರು, ಕೈ ಚುರುಕು. ನನ್ನ ಚುಕ್ಕಿಯ ಚಿಂತೆಯನ್ನು ಅಡುಗೆಮನೆಯಲ್ಲಿ ಅಭಿನಯ ಮಾಡಿ ತೋರಿಸಿ ಅಪ್ಪನನ್ನೂ ನಗಿಸುತ್ತಿದ್ದಳು. ಹಬ್ಬಕ್ಕೆ ಹಿರೇಕೆರೂರಿಗೆ ಹೋದಾಗ ಸಂಜೆ ಮೇಲೆ ಹೊಸ್ತಿಲು ದಾಟುತ್ತಿರಲಿಲ್ಲವಂತೆ. ಅಜ್ಜಿಯ ಮನೆಯಲ್ಲಿ ಬೆಳೆದ ಗತ್ತು ಎಂದು ಅಲ್ಲಿಯವರು ಆಡಿಕೊಳ್ಳುತ್ತಿದ್ದರು.

ಅವಳು ಹದಿನೆಂಟು ದಾಟಿದಳು. ನಾನು ಮೂವತ್ತರ ಸಮೀಪ ಬಂದೆ. ಸುಗ್ಗಿ ಮುಗಿದ ಮೇಲೆ ಮದುವೆ ಎಂದಾಯಿತು. ಆಗ ಅಕ್ಕ ಹಾನಗಲ್ಲಿಗೆ ಬಂದು, ನನ್ನನ್ನು ಹಿತ್ತಲಿಗೆ ಕರೆದು, ನನ್ನ ಮುಖ ನೋಡದೆ ಒಂದು ಮಾತು ಹೇಳಿದಳು. ಸವಣೂರಿಗೆ ಒಬ್ಬ ಡಾಕ್ಟರಬಾಯಿ ಜೀಪಿನಲ್ಲಿ ಯಂತ್ರ ತಂದಿದ್ದಾಳಂತೆ. ರೋಗ ಬರುವ ಮೊದಲೇ, ಕಣ್ಣು ಚೆನ್ನಾಗಿರುವಾಗಲೇ, ಮುಂದೆ ಬರುತ್ತದೋ ಇಲ್ಲವೋ ಅದು ಹೇಳುತ್ತದಂತೆ. ಹಳೆಯ ಡಾಕ್ಟರ ಚಿತ್ರ ಆಕೆಯ ಕೈಯಲ್ಲಿದೆ, ನಮ್ಮ ಮನೆಗೂ ಹೇಳಿಕಳಿಸಿದ್ದಾಳೆ.

"ಅವ್ವ ಜನ್ಮ ಪೂರ್ತಿ ಕಂದೀಲು ಹಿಡದಿದ್ದ ನೋಡೇನಿ" ಎಂದಳು ಅಕ್ಕ. "ನೀ ನನ್ನ ತಮ್ಮ ಹೌದು. ಆದ್ರ ಅಕಿ ನನ್ನ ಮಗಳು."

ಪರೀಕ್ಷೆ ಸರಿ ಬಂದರೆ ಮದುವೆ, ಇಲ್ಲದಿದ್ದರೆ ಇಲ್ಲ. ಅಕ್ಕನ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಅಷ್ಟು ವರ್ಷದ ಚಿಂತೆಗೆ ಒಂದು ತಾರೀಖು ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರವೂ ಆಯಿತು.

ಅವ್ವ, ಅಕ್ಕ, ಅವಳು, ನಾನು, ನಾಲ್ವರೂ ಬೆಳಗಿನ ಬಸ್ಸಿಗೆ ಸವಣೂರಿಗೆ ಹೋದೆವು. ದವಾಖಾನೆಯ ಹಿಂದಿನ ಕೋಣೆಯ ಕಿಟಕಿಗಳಿಗೆ ಕಂಬಳಿ ಬಡಿದು ಕತ್ತಲು ಮಾಡಿದ್ದರು. ಅದರ ಮಗ್ಗುಲ ಕೋಣೆಯಲ್ಲಿ ಯಂತ್ರ. ರೇಡಿಯೋಕ್ಕಿಂತ ದೊಡ್ಡ ಪೆಟ್ಟಿಗೆ, ಅದರ ಮುಖದ ಮೇಲೆ ದುಂಡು ಗಾಜು, ಗಾಜಿನಲ್ಲಿ ಒಂದು ಹಸಿರು ಗೆರೆ. ಡಾಕ್ಟರಬಾಯಿ ನಲವತ್ತರ ಸುಮಾರಿನ, ಸಣ್ಣ ದನಿಯ ಹೆಂಗಸು. ವಿವರಿಸಿ ಹೇಳಿದರು. ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಒಂದು ಇಷ್ಟೇ ಇಷ್ಟು ಕರೆಂಟು ಹುಟ್ಟುತ್ತದೆ. ಅದನ್ನು ಈ ಪೆಟ್ಟಿಗೆ ದೊಡ್ಡದು ಮಾಡಿ ಗೆರೆಯಲ್ಲಿ ತೋರಿಸುತ್ತದೆ. ಪರದೆ ಚೆನ್ನಾಗಿದ್ದರೆ ಗೆರೆ ಏಳುತ್ತದೆ. ಕೆಡುತ್ತಿದ್ದರೆ, ಅದು ಮನುಷ್ಯನಿಗೆ ಗೊತ್ತಾಗುವುದಕ್ಕಿಂತ ಎಷ್ಟೋ ಮುಂಚೆ, ಏಳುವುದಿಲ್ಲ.

ಆ ದಿನ ಗೆರೆ ಮಾತ್ರ ಏಳುವುದೂ ಅಲ್ಲ, ಮಲಗುವುದೂ ಅಲ್ಲ, ಗಡಗಡ ನಡುಗುತ್ತಿತ್ತು. ಗೋಡೆಯ ಆಚೆ ಹಿಟ್ಟಿನ ಗಿರಣಿ. ಅದರ ಮೋಟಾರಿನ ಕರೆಂಟು ಪೆಟ್ಟಿಗೆಯೊಳಗೆ ನುಗ್ಗುತ್ತಿತ್ತು. ಗಿರಣಿ ನಿಲ್ಲಿಸಲು ಕೇಳಿಕೊಳ್ಳಬೇಕಾಯಿತು. ಗಿರಣಿಯ ವಯಸ್ಸಾದ ಸಾಹೇಬರು ಮೀಸೆಗೆ ಹತ್ತಿದ ಹಿಟ್ಟಿನ ಸಮೇತ ಬಂದು ಯಂತ್ರವನ್ನೂ ನನ್ನನ್ನೂ ನೋಡಿದರು.

"ನಿಮ್ಮ ಕಣ್ಣಿನ ಕರೆಂಟು ಅಷ್ಟು ನಾಜೂಕೇನ್ರಿ, ನನ್ನ ಗಿರಣಿಗಿ ಅಂಜತೈತಿ?"

ಅಂಜುವುದು ಕರೆಂಟಲ್ಲ, ನಾನು ಎಂದು ಹೇಳಬೇಕೆನ್ನಿಸಿತು. ಅವರು ಮೋಟಾರು ನಿಲ್ಲಿಸಿ ಪಟ್ಟಾ ಬಿಚ್ಚಿಸಿದರು. ಜೋಳದ ಪುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತ ಹೆಂಗಸರಿಗೆ, ಒಬ್ಬರ ಕಣ್ಣು ನೋಡಲಿಕ್ಕೆ ಊರ ಹಿಟ್ಟು ನಿಂತಿದೆ ಎಂಬ ಸುದ್ದಿ ಹೋಯಿತು. ಅವರು ಬಾಗಿಲಲ್ಲಿ ಇಣುಕಿ, ಇಂವಾ ಏನ ಎಂದು ನನ್ನನ್ನು ತೋರಿಸಿಕೊಂಡರು.

ನನ್ನ ಕಣ್ಣಿಗೆ ಮೊದಲು ಮರಗಟ್ಟಿಸುವ ಹನಿ ಹಾಕಿದರು. ಆಮೇಲೆ ತಂತಿ ಅಂಟಿಸಿದ ಒಂದು ಗಾಜಿನ ಚಿಪ್ಪನ್ನು ಕಣ್ಣುಗುಡ್ಡೆಯ ಮೇಲೇ ಕೂಡಿಸುತ್ತಾರಂತೆ. ಹನಿ ಬಿದ್ದ ಮೇಲೆ ಬೆರಳು ಇಟ್ಟರೂ ತಿಳಿಯುವುದಿಲ್ಲ. ಆದರೆ ಅದಕ್ಕೂ ಮುಂಚೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು. ಒಂದು ಸಿನಿಮಾದ ಅರ್ಧದಷ್ಟು ಹೊತ್ತು, ಸೂಜಿಮೊನೆಯ ಬೆಳಕೂ ಬೀಳದಂತೆ ಒಳಗೆ ಕುಳಿತಿರಬೇಕು. ನಾನು ಕುಳಿತೆ. ಗೋಡೆಯ ಸಂದಿಯಿಂದ ಹಿಟ್ಟಿನ ಧೂಳು ಬರುತ್ತಿತ್ತು. ಗಂಟಲು ಕೆರೆಯಿತು. ಇನ್ನೇನು ಕರೆಯುತ್ತಾರೆ ಎನ್ನುವಾಗ ಕೆಮ್ಮು ಬಂದೇಬಿಟ್ಟಿತು.

ಬಾಗಿಲು ತೆರೆಯಿತು. ದವಾಖಾನೆಯ ಮೂಲೆಯಲ್ಲಿದ್ದ ಕಂದೀಲನ್ನು ಅವ್ವ ಅದು ಯಾವಾಗ ಹಚ್ಚಿದಳೋ, ಹಿಡಿದುಕೊಂಡು ಸೀದಾ ಒಳಗೆ ಬಂದು ನನ್ನ ಮುಖದ ಮುಂದೆ ನಿಂತಳು. ಹಿಂದಿನಿಂದ ಅಕ್ಕ ಅವಳ ಸೆರಗು ಹಿಡಿದು ಎಳೆಯುತ್ತಿದ್ದಳು. ಡಾಕ್ಟರಬಾಯಿ ಓಡಿಬಂದರು. ಅಷ್ಟರಲ್ಲಿ ಆಗುವುದು ಆಗಿತ್ತು. ಯಾಕವ್ವ ಹೀಗೆ ಮಾಡಿದಿರಿ ಎಂದು ಅವರು ಮೆಲ್ಲಗೆ ಕೇಳಿದರು. ಅವ್ವ ಕಂದೀಲನ್ನು ನೋಡಿದಳು, ತಾನೇ ತಂದದ್ದು ಎಂಬುದು ಆಗಷ್ಟೇ ತಿಳಿದವಳಂತೆ.

"ಒಳಗ ಕತ್ತಲಿತ್ರಿ" ಎಂದಳು.

ನೋಡೋಣ ಎಂದು ಆದರೂ ಯಂತ್ರಕ್ಕೆ ಹಚ್ಚಿದರು. ಗೆರೆ ಒಂದಿಷ್ಟೇ ತಲೆ ಎತ್ತಿ ಮಲಗಿತು. ಇದು ಕಂದೀಲಿನಿಂದ ಹೀಗಾಯಿತೋ, ನಿಜವಾಗಿಯೂ ಹೀಗೇ ಇದೆಯೋ ಹೇಳಲಾಗದು, ಮತ್ತೆ ಕತ್ತಲಲ್ಲಿ ಕೂರಬೇಕು ಎಂದರು. ಜೊತೆಗೆ, ಇದೇ ದಿನ ಇದೇ ಯಂತ್ರದಲ್ಲಿ ಒಂದು ಚೆನ್ನಾದ ಕಣ್ಣಿನ ಗೆರೆಯೂ ಬೇಕು, ಪಕ್ಕದಲ್ಲಿಟ್ಟು ಹೋಲಿಸಲು ಎಂದರು. ಹೊರಗೆ ಬೆಂಚಿನ ಮೇಲೆ ಅವಳು ಸೇವು-ಖಾರದ ಪೊಟ್ಟಣ ಬಿಚ್ಚಿಕೊಂಡು ಕುಳಿತಿದ್ದಳು. ವಯಸ್ಸಿನ ಹುಡುಗಿ, ಹೊಳೆಯುವ ಕಣ್ಣು. ಡಾಕ್ಟರಬಾಯಿ ಹೆಂಗಸೇ ಆದ್ದರಿಂದ ಅಕ್ಕನೂ ಅಡ್ಡಿ ಮಾಡಲಿಲ್ಲ. ಅವಳು ಕೈಯ ಖಾರ ಝಾಡಿಸಿಕೊಂಡು ನಗುತ್ತ ಎದ್ದು ಬಂದಳು.

ಹೀಗೆ ಇಬ್ಬರನ್ನೂ ಕತ್ತಲೆ ಕೋಣೆಯಲ್ಲಿ ಎರಡು ಕುರ್ಚಿಯ ಮೇಲೆ ಕೂಡಿಸಿದರು. ಅವ್ವ ಮತ್ತೆ ನುಗ್ಗದಂತೆ ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮದುವೆ ಗೊತ್ತಾದ ಮೇಲೆ ನಾವಿಬ್ಬರು ಇಷ್ಟು ಹೊತ್ತು ಹತ್ತಿರ ಕುಳಿತದ್ದು ಅದೇ ಮೊದಲು. ಇಂಥ ಸಂದರ್ಭದಲ್ಲಿ ಬೇರೆ ಯಾರಾದರೂ ಏನು ಮಾಡುತ್ತಿದ್ದರೋ. ನಾನು ನನ್ನ ಕಣ್ಣು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ, ಗೋಡೆಯ ಸಂದಿಯಿಂದ ಸೋರುವ ಕಂಡೂ ಕಾಣದಷ್ಟು ಬೆಳಕಿನಲ್ಲಿ, ಕಂಬಳಿಯ ನೇಯ್ಗೆ ಕಂಡಿತು. ಮೂಲೆಯ ಸ್ಟೂಲು ಕಂಡಿತು. ಅವಳ ಬಳೆ, ಆಮೇಲೆ ಮೂಗು. ನನಗೆ ಕಾಣುತ್ತಿತ್ತು. ಸಂತೋಷ ತಡೆಯಲಾರದೆ, ಆ ಮೂಲೆಯ ಸ್ಟೂಲು ನಿನಗೂ ಕಾಣುತ್ತದೇನು ಎಂದು ಕೇಳಿದೆ.

"ಕತ್ತಲ್ಯಾಗ ಯಾರಿಗೆ ಕಾಣತೈತಿ ಮಾಮಾ? ಹುಚ್ಚ ಅದಿ ಏನ?"

ನನ್ನ ಮುಖದ ಕಡೆಗಲ್ಲ, ಪಕ್ಕದ ಗೋಡೆಯ ಕಡೆಗೆ ನೋಡುತ್ತ ಹೇಳಿದಳು. ನಾಚಿಕೆ ಎಂದುಕೊಂಡೆ.

ಮೊದಲು ಅವಳನ್ನೇ ಕರೆದರು. ದೀಪ ಮಿಂಚಿತು. ಗೆರೆ ಏಳಲಿಲ್ಲ. ಯಂತ್ರ ನಡೆಸುವವನು ತಂತಿ ನೋಡಿದ. ಮತ್ತೆ ಮಿಂಚಿಸಿದರು. ಏಳಲಿಲ್ಲ. ಗಿರಣಿ ಶುರುವಾಯಿತೇ ಎಂದು ಕೇಳಿಬಂದರು, ನಿಂತೇ ಇತ್ತು. ಚಿಪ್ಪು ಬದಲಿಸಿದರು. ಪೆಟ್ಟಿಗೆಯೇ ಕೆಟ್ಟಿರಬೇಕೆಂದು ಯಂತ್ರದವನು ತನ್ನ ಕಣ್ಣಿಗೇ ಹಚ್ಚಿಸಿಕೊಂಡ. ಕತ್ತಲಿನಲ್ಲಿ ಅಷ್ಟು ಹೊತ್ತು ಕೂರದಿದ್ದರೂ ಅವನ ಗೆರೆ ಎದ್ದಿತು. ನನಗೆ ಹಚ್ಚಿದರು. ಹಸಿರು ಗೆರೆ ಒಮ್ಮೆ ಕೆಳಗೆ ಬಾಗಿ, ಎತ್ತಿನ ಹಿಣಿಲಿನ ಹಾಗೆ ದುಂಡಗೆ ಮೇಲೆದ್ದಿತು. ಚೆನ್ನಾಗಿದೆ ಎಂದರು ಡಾಕ್ಟರಬಾಯಿ. ಹದಿನಾಲ್ಕನೆಯ ವಯಸ್ಸಿನಿಂದ ನಾನು ಕಾಯುತ್ತಿದ್ದ ಮಾತು ಅದು. ಆದರೆ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಮತ್ತೊಮ್ಮೆ ಅವಳನ್ನು ಕೂಡಿಸಿದರು. ಗಾಜಿನ ಮೇಲೆ ಗೆರೆ ಕೆರೆಯ ನೀರಿನ ಹಾಗೆ ಸಪಾಟು ಮಲಗಿತ್ತು.

ಆಮೇಲೆ ಅವರು ಕೈದೀಪ ತೆಗೆದುಕೊಂಡು ಅವಳ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. ರಾತ್ರಿ ಎಂದಾದರೂ ಚುಕ್ಕಿ ನೋಡಿದ್ದೀಯಾ ಎಂದು ಕೇಳಿದರು.

"ನೋಡೇನ್ರಿ, ಒಂದೆರಡು. ದೊಡ್ಡವು."

ಉಳಿದವು? ಉಳಿದವು ಎಂದರೆ ಏನು ಎಂದು ಅವಳಿಗೆ ಅರ್ಥವಾಗಲಿಲ್ಲ. ಆಕಾಶದ ತುಂಬ ಚುಕ್ಕಿ ಎನ್ನುವುದನ್ನು ಅವಳು ಬೀಸುವ ಹಾಡಿನಲ್ಲಿ ಬರುವ ಮಾತು ಎಂದುಕೊಂಡಿದ್ದಳು, ಬಂಗಾರದ ಬೆಟ್ಟ ಎನ್ನುತ್ತಾರಲ್ಲ ಹಾಗೆ.

ಅವಳೇನೂ ಮುಚ್ಚಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಕತ್ತಲು ಎಂದರೇನು ಎಂದು ತಿಳಿಯಲು ಅವಳಿಗೆ ಅವಕಾಶವೇ ಸಿಕ್ಕಿರಲಿಲ್ಲ. ಅಪ್ಪನಿಗಾಗಿ ಕಟ್ಟಿದ ಹಗ್ಗವನ್ನೇ ಹಿಡಿದು ಅವಳು ಕೊಟ್ಟಿಗೆಗೆ ಹೋಗುತ್ತಿದ್ದಳು. ಅಪ್ಪನಿಗಾಗಿ ಬಳಿದ ಸುಣ್ಣ ನೋಡಿ ಮೆಟ್ಟಿಲು ಇಳಿಯುತ್ತಿದ್ದಳು. ಗಂಡಸರ ಕಣ್ಣಿಗೆಂದು ಆ ಮನೆ ಮಾಡಿದ ಉಪಾಯವೆಲ್ಲ ಸೇರಿ ಅವಳ ಕಣ್ಣನ್ನು ಅವಳಿಂದಲೇ ಬಚ್ಚಿಟ್ಟಿತ್ತು.

ಡಾಕ್ಟರಬಾಯಿ ಆ ಹಳೆಯ ಚಿತ್ರ ಬಿಚ್ಚಿ ಕೆಳಗಿನ ಒಂದು ಸುತ್ತಿಗೆ ಕಪ್ಪು ತುಂಬಿದರು. ಉಳಿದ ಸುತ್ತುಗಳನ್ನು ನೋಡುತ್ತ, ಇವುಗಳನ್ನೆಲ್ಲ ಖಾಲಿ ಎಂದು ಬರೆದದ್ದು ಯಾರೂ ನೋಡಲಿಲ್ಲ ಎಂಬ ಕಾರಣಕ್ಕೆ, ಇನ್ನು ಎಲ್ಲರನ್ನೂ ನೋಡಬೇಕು ಎಂದರು. ಸಂಜೆ ಮೇಲೆ ಕೆಲಸಕ್ಕೆ ಹಿಂಜರಿಯುತ್ತಿದ್ದ ಹೆಂಗಸರು ವಂಶದಲ್ಲಿ ಯಾರಾದರೂ ಇದ್ದರೇ ಎಂದು ಅವ್ವನನ್ನು ಕೇಳಿದರು. ಅವ್ವ ಅಪ್ಪನ ತಂಗಿಯ ಹೆಸರು ಹೇಳಿದಳು. ಆಕೆ ಗಂಡನ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಹಿತ್ತಲಿನಿಂದ ಒಲೆಗೆ ಒಂದು ಕುಳ್ಳು ತಾ ಎಂದರೂ ಏಳುತ್ತಿರಲಿಲ್ಲ. ಸೊಕ್ಕಿನವಳು, ಮೈಗಳ್ಳಿ ಎಂದು ಮರಳಿ ಕಳಿಸಿದರು. ತವರಿನಲ್ಲೂ ಅದೇ ಹೆಸರಿನಿಂದ ಬದುಕಿ ಸತ್ತಳು. ಅವ್ವನೂ ನನ್ನ ಆ ಅತ್ತೆಯನ್ನು ಸೊಕ್ಕಿನವಳು ಎಂದೇ ಕರೆಯುತ್ತಿದ್ದಳು.

ಮದುವೆಯ ಮಾತು ಎತ್ತಿದ್ದು ಅಕ್ಕ. ಡಾಕ್ಟರಬಾಯಿ ಬಿಡಿಸಿ ಹೇಳಿದರು. ಈ ರೋಗದ ಬೀಜ ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಣ್ಣು ಕೆಡುತ್ತದೆ. ಒಂದೇ ಕಡೆಯಿಂದ ಬಂದವರು ಜೀವನಪೂರ್ತಿ ಚೆನ್ನಾಗಿರುತ್ತಾರೆ, ಆದರೆ ಒಳಗೆ ಇಟ್ಟುಕೊಂಡಿರುತ್ತಾರೆ. ಅಪ್ಪನ ಮಗನಾದ ನನ್ನಲ್ಲಿ ಒಂದು ಇರಲೇಬೇಕು. ನಾನು ಅವಳನ್ನು ಮದುವೆಯಾದರೆ ಹುಟ್ಟುವ ಒಂದೊಂದು ಕೂಸಿಗೂ ಬಂದರೂ ಬಂತು, ಬಿಟ್ಟರೂ ಬಿಟ್ಟಿತು, ನಾಣ್ಯ ಚಿಮ್ಮಿದ ಹಾಗೆ. ಅವಳನ್ನು ದೂರದ ರಕ್ತಕ್ಕೆ ಕೊಟ್ಟರೆ ಮಕ್ಕಳಿಗೆ ಬಹುಮಟ್ಟಿಗೆ ಭಯವಿಲ್ಲ. ಅವಳ ಕಣ್ಣಿಗೆ ಮಾತ್ರ ಎರಡೂ ಕಡೆ ಔಷಧವಿಲ್ಲ.

ಗಿರಣಿ ಮತ್ತೆ ಶುರುವಾಯಿತು. ಬಸ್ಸಿನಲ್ಲಿ ಅವಳು ಉಳಿದ ಖಾರ ತಿಂದು ಮುಗಿಸಿದಳು. ಯಾರೂ ಅಳಲಿಲ್ಲ. ಕಣ್ಣಿಗೆ ಹಾಕಿದ ಹನಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ ಎಂದಿದ್ದರು. ನನಗೆ ಅದು ಕೆಳಗಿಳಿದು ಕುತ್ತಿಗೆ, ಎದೆ, ಕೈಕಾಲಿಗೆ ಹರಡಿದ ಹಾಗಿತ್ತು. ಶಿಗ್ಗಾವಿಗೆ ಹೋಗಿ ಗೊಬ್ಬರ ತೂಗಿದೆ. ಸಂಜೆ ಗೋದಾಮಿನ ಹಿಂದೆ ನಿಂತರೆ ಚುಕ್ಕಿಗಳು ಒಂದರ ಹಿಂದೆ ಒಂದು ಬಂದವು. ಅಷ್ಟು ವರ್ಷ ಬೇಡಿದ್ದು ಸಿಕ್ಕಿತ್ತು. ಅವುಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಇತ್ತ ಅಕ್ಕ ತಿರುಗಿ ನಿಂತಳು. ನನ್ನ ಗೆರೆ ಏಳದಿದ್ದರೆ ಮಗಳನ್ನು ಕೊಡುವುದಿಲ್ಲ ಎಂದವಳು, ಈಗ ನನಗೇ ಕೊಡಬೇಕು ಎಂದು ಹಟ ಹಿಡಿದಳು. ಅವಳ ಲೆಕ್ಕವೂ ಸರಿಯೇ. ಹೊರಗೆ ಕೊಟ್ಟರೆ ಮೊದಲ ಅಮಾವಾಸ್ಯೆಗೇ ತಿರುಗಿ ಕಳಿಸುತ್ತಾರೆ, ಅತ್ತೆಯ ಗತಿಯೇ ಇವಳದೂ. ಕಂದೀಲು ಹಿಡಿಯುವುದು ಗೊತ್ತಿರುವ ಮನೆ ಲೋಕದಲ್ಲಿ ನಮ್ಮದೊಂದೇ. ಒಳಗೆ ಕೊಟ್ಟರೆ ಮಕ್ಕಳ ಕಣ್ಣು, ಹೊರಗೆ ಕೊಟ್ಟರೆ ಅವಳ ಬಾಳು. ಅಪ್ಪ ತನ್ನ ಊದುಗೊಳವೆಯ ತೂತಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪ್ರತಿ ವಾರ ಹಾನಗಲ್ಲಿಗೆ ಬಂದು, ಊಟ ಮಾಡಿ, ಮಲಗಿ, ಶಿಗ್ಗಾವಿಗೆ ಹೋಗುತ್ತಿದ್ದೆ.

ಒಂದು ಸಂಜೆ ಅವಳೇ ಹಿತ್ತಲಿಗೆ ಬಂದಳು. ಒಳಗೆ ಅವ್ವ ಗಾಜು ತಿಕ್ಕುವ ಸದ್ದು. ಅವಳ ಕೈ ಹಗ್ಗದ ಮೇಲಿತ್ತು.

"ಮಾಮಾ, ನಾ ನಿನ್ನ ಮದಿವಿ ಆಗೂದಿಲ್ಲ."

ಯಾಕೆ ಎಂದು ಕೇಳುವಷ್ಟು ಮರ್ಯಾದೆ ನನ್ನಲ್ಲಿ ಉಳಿದಿತ್ತು. ಕೇಳಿದೆ.

"ಕೂಸು ಹುಟ್ಟಿದ ಮರುದಿನದಿಂದ ನೀ ಅದರ ಕಣ್ಣಾಗ ಹಣಿಕಿ ನೋಡ್ಕೋತ ಕುಂದರಾಂವ. ಅದು ತೊಟ್ಟಲದಾಗ ಅತ್ರ ಕತ್ತಲಿಗೆ ಅತ್ತಿತೇನು ಅಂತ ನನ್ನ ಕೇಳಾಂವ. ನನಗ ಕಾಣದಿದ್ರ ಯಾರರ ಕಂದೀಲು ಹಿಡೀತಾರ. ಅಂಜೂ ಗಂಡನ್ನ ಎಲ್ಲಿ ಹಿಡಕೊಂಡು ಅಡ್ಡಾಡ್ಲಿ?"

ಅಡುಗೆಮನೆಯಲ್ಲಿ ನನ್ನನ್ನು ಅಭಿನಯಿಸುವಾಗ ಇರುತ್ತಿದ್ದ ದನಿಯೇ. ಆದರೆ ಆ ದಿನ ನಗಲಿಲ್ಲ. ನಾನೂ ನಗಲಿಲ್ಲ. ಆಯಿತು ಎಂದೆ. ಹಗುರವಾಗಬೇಕಿತ್ತು. ಸುತ್ತಲೂ ಹುಡುಕಿದೆ, ಆ ಹಗುರವೂ ಸಿಗಲಿಲ್ಲ.

ಅವಳದೊಂದು ಷರತ್ತು: ಬಂದ ವರಕ್ಕೆ ಕಣ್ಣಿನ ವಿಷಯ ಮೊದಲೇ ಹೇಳಬೇಕು, ಅವಲಕ್ಕಿ ಕೊಡುವ ಮುಂಚೆ. ಅಕ್ಕ ಎದೆ ಬಡಿದುಕೊಂಡಳು. ಹೇಳುವ ಕೆಲಸ ಸೋದರಮಾವನಾದ ನನಗೇ ಬಂದಿತು. ನಾನು ಹೇಳಿದೆ. ಬಂದವರು ಅವಲಕ್ಕಿಗೂ ನಿಲ್ಲದೆ ಎದ್ದುಹೋದರು. ಕೊನೆಗೆ ಹಂಸಭಾವಿಯಿಂದ ಒಬ್ಬ ಬಂದ. ಮದುವೆ ಮೆರವಣಿಗೆಗೆ ಗ್ಯಾಸ್‌ಬತ್ತಿ ಬಾಡಿಗೆ ಕೊಡುವವನು. ಕಥೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ. ನಮಗೂ ಅವರಿಗೂ ಹಿಂದಿನ ಏಳು ತಲೆಯಲ್ಲಿ ನಂಟಿರಲಿಲ್ಲ. ನನ್ನ ಭಾಷಣವನ್ನೆಲ್ಲ ಕೇಳಿ, ಅವಲಕ್ಕಿಯನ್ನು ಪೂರ್ತಿ ತಿಂದು, "ನಮ್ಮ ಮನ್ಯಾಗ ಬತ್ತಿಗೇನು ಕಡಿಮಿ ಇಲ್ರಿ" ಎಂದ.

ಎಲ್ಲರೂ ನಕ್ಕರು. ನನಗೆ ಮಾತ್ರ, ಲಗ್ನದ ದಿನಗಳಲ್ಲಿ ಬತ್ತಿಗಳೆಲ್ಲ ಬಾಡಿಗೆಗೆ ಹೋಗಿರುತ್ತವಲ್ಲ, ಗಂಡನೂ ಅವುಗಳ ಹಿಂದೆ ಹೋಗಿರುತ್ತಾನಲ್ಲ, ಆಗ ಮನೆಯಲ್ಲಿ ಏನು ಎಂಬ ಯೋಚನೆ ಹತ್ತಿತು.

ಅದಕ್ಕೇ ಮದುವೆಗೆ ವಾರ ಮುಂಚೆ ಹಂಸಭಾವಿಗೆ ಹೋದೆ. ಹಿತ್ತಲ ಬಾಗಿಲಿನಿಂದ ಬಚ್ಚಲಿನವರೆಗೆ, ಅಲ್ಲಿಂದ ಕೊಟ್ಟಿಗೆಯವರೆಗೆ ಅವಳ ಎದೆಮಟ್ಟಕ್ಕೆ ಹಗ್ಗ ಕಟ್ಟಿದೆ. ಮೆಟ್ಟಿಲಿಗೆ ಸುಣ್ಣ ಬಳಿದೆ. ಬೀಗಿತಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಇದು ನಮ್ಮ ಮನೆತನದ ಪದ್ಧತಿ ಎಂದೆ. ಆಕೆ ಹಗ್ಗವನ್ನು ಎಳೆದು ನೋಡಿ, ಛಲೋ ಆತು, ಅರಿವಿ ಒಣಗಿಸಾಕ ಬಂತು ಎಂದಳು. ಅಲ್ಲಿಂದ ಹಿಂದಿರುಗುವಾಗ ನನ್ನ ಮನೆಯನ್ನು ಬಿಚ್ಚಿ ಇನ್ನೊಬ್ಬರ ಹಿತ್ತಲಿನಲ್ಲಿ ಕಟ್ಟಿ ಬಂದ ಹಾಗೆ ಅನ್ನಿಸಿತು. ನೋವು ಎನ್ನುವಂಥದ್ದೇನೂ ಆಗಲಿಲ್ಲ.

ಅಷ್ಟರೊಳಗೆ ಡಾಕ್ಟರಬಾಯಿಯ ಜೀಪು ಇನ್ನೊಮ್ಮೆ ಬಂದು ಹೋಗಿತ್ತು. ಈ ಸಲ ಅವರು ಗಂಡಸರನ್ನು ಕೇಳಲಿಲ್ಲ. ನಮ್ಮ ನಂಟರ ಮನೆಗಳ ಹೆಂಗಸರನ್ನು ಹಗಲಿನಲ್ಲಿ ಕರೆದು ಕತ್ತಲಲ್ಲಿ ಕೂಡಿಸಿದರು. ಇನ್ನೂ ಕೆಲವು ಸುತ್ತುಗಳಿಗೆ ಕಪ್ಪು ತುಂಬಿತಂತೆ. ಗಂಡಸರ ರೋಗ ಎಂದು ಬರೆದಿದ್ದ ಸಾಲನ್ನು ಹೊಡೆದು ಹಾಕಿದರಂತೆ. ಅವ್ವ ಈ ಸುದ್ದಿ ಕೇಳಿ, ಅತ್ತೆಯ ಹೆಸರಿನಲ್ಲಿ ಒಂದು ಕಂದೀಲು ಹಚ್ಚಿ ಕೊಟ್ಟಿಗೆಯ ಮೊಳೆಗೆ ಹಾಕಿದಳು. ಆಕೆ ಸತ್ತು ಬಹಳ ವರ್ಷವಾಗಿತ್ತು.

ಮದುವೆ ಹಿರೇಕೆರೂರಿನಲ್ಲಿ, ಬೆಳಗಿನ ಮುಹೂರ್ತಕ್ಕೆ. ಮದುಮಗಳನ್ನು ಹಂದರಕ್ಕೆ ಕರೆತರುವವನು ಸೋದರಮಾವ. ಮದುಮಗ ಆಗದಿದ್ದರೂ ಆ ಹಕ್ಕು ಹೋಗುವುದಿಲ್ಲ. ಒಳಗಿನಿಂದ ಅವಳ ಕೈ ಹಿಡಿದು ಹೊರಟೆ. ಹೊಸ್ತಿಲು ಎಂದೆ. ಇನ್ನೊಂದು ಮೆಟ್ಟಿಲು ಎಂದೆ. ಇಲ್ಲಿ ಜಮಖಾನೆಯ ಅಂಚು ಮಡಚಿದೆ ಎಂದೆ. ಹಂದರದ ತುಂಬ ಬಿಸಿಲು, ಜನರ ಮುಖಗಳೆಲ್ಲ ಹೊಳೆಯುತ್ತಿದ್ದವು. ಅವಳು ಬಾಸಿಂಗದ ಕೆಳಗಿನಿಂದ, ತುಟಿ ಅಲುಗದ ಹಾಗೆ ಹೇಳಿದಳು:

"ಹಗಲ ಐತಿ, ಮಾಮಾ. ಕೈ ಬಿಡು."

ಬಿಡಬೇಕೆಂದು ಗೊತ್ತಿತ್ತು. ಬೆರಳುಗಳಿಗೆ ಹೇಳಿದೆ. ಅವು ಮರಗಟ್ಟಿದ್ದವು, ಅವಳೇ ಒಂದೊಂದಾಗಿ ಬಿಡಿಸಿಕೊಂಡು ಹೋಗಿ ಮಣೆಯ ಮೇಲೆ ಕುಳಿತಳು.